ಲಿಂಗದ ಮೇಲೊಂದು ಚುಕ್ಕೆ

೧೧ ಆಗಸ್ಟ್ ೨೦೦೩, ಸೋಮವಾರ

ಮಗಳು ಶಿಲ್ಪ ಬೇಡವೆಂದು ಬಿಸಾಕಿದ್ದ ಹೋದ ವರ್ಷದ ಡೈರಿ ಇದು. ಕುಚ್ಚು ಕಟ್ಟಲು ಬರುವ ಸೀರೆಗಳ ಲೆಕ್ಕ ಬರೆಯಲು ಎತ್ತಿಟ್ಟುಕೊಂಡಿದ್ದೆ. ಇವತ್ತು ಲೆಕ್ಕ ಬರೆಯುವ ಮನಸ್ಸಿಲ್ಲ. ಹೆದರಿಕೆಯಾಗಿದೆ, ಮನೆಯಲ್ಲಿ ಯಾರಿಗೂ ಹೇಳುವ ಹಾಗಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಶ್ರಾವಣದ ಎರಡನೆಯ ಸೋಮವಾರ. ಬೆಳಿಗ್ಗೆ ಮಿಂದು, ವಿಭೂತಿ ಧರಿಸಿ, ಕೊರಳ ಕರಡಿಗೆಯಿಂದ ಲಿಂಗ ತೆಗೆದು ಎಡ ಅಂಗೈಯಲ್ಲಿಟ್ಟುಕೊಂಡೆ. ನೀರೆರೆದು, ಪತ್ರೆ ಏರಿಸಿ, ದೀಪದ ಎದುರು ಹಿಡಿದು ದೃಷ್ಟಿ ನೆಟ್ಟೆ. ಚಿಕ್ಕಂದಿನಿಂದ ಮಾಡಿಕೊಂಡು ಬಂದದ್ದು. ಲಿಂಗದ ಕರಿಯ ಮೈಮೇಲೆ ದೀಪದ ಒಂದು ಹೊಳಪು ನಿಲ್ಲುತ್ತದೆ, ಅದನ್ನೇ ರೆಪ್ಪೆ ಬಡಿಯದೆ ನೋಡುತ್ತ ಕೂರುವುದು. ಇವತ್ತು ಆ ಹೊಳಪಿನ ಪಕ್ಕದಲ್ಲಿ ಎಳ್ಳಿನಷ್ಟು ಒಂದು ಚುಕ್ಕೆ ಕಂಡಿತು. ಒರೆಸಿದೆ, ಹೋಗಲಿಲ್ಲ. ಇನ್ನೊಮ್ಮೆ ನೀರೆರೆದೆ, ಹೋಗಲಿಲ್ಲ.

ಕಲ್ಲಿನ ಮೇಲೆ ಬಳಿದಿರುವ ಕರಿಯ ಲೇಪ ಎಲ್ಲೋ ಬಿರಿದಿರಬೇಕು. ಭಿನ್ನವಾದ ಲಿಂಗ ಮೈಮೇಲಿದ್ದರೆ ಮನೆಗೆ ಕೇಡು ಎಂದು ನಮ್ಮಮ್ಮ ಹೇಳುತ್ತಿದ್ದಳು. ಇವರಿಗೆ ನಿವೃತ್ತಿ ಹತ್ತಿರ ಬಂದಿದೆ, ಶಿಲ್ಪನ ಮದುವೆ ಆಗಬೇಕು, ಕೇಡು ಬರುವುದಕ್ಕೆ ನಮ್ಮ ಮನೆಯಲ್ಲಿ ಜಾಗಕ್ಕೇನೂ ಕೊರತೆಯಿಲ್ಲ.

ಮೂಲೆಯ ಚಾಪೆಯಿಂದ ಮುದುಕಿ, ಎಂದರೆ ನನ್ನ ಅತ್ತೆ ಪುಟ್ಟಬಸಮ್ಮ, ಇವತ್ತು ಪೂಜೆ ಬಹಳ ಹೊತ್ತಾಯಿತಲ್ಲ ಎಂದಳು. ಕಣ್ಣಿಲ್ಲ, ಆದರೂ ಮನೆಯಲ್ಲಿ ಇರುವೆ ಹರಿದರೂ ಅವಳಿಗೆ ವರದಿ ಬೇಕು. ಹನ್ನೊಂದು ವರ್ಷದ ಹಿಂದೆ ಅವಳ ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿಯಿತೆಂದು ಬೆಂಗಳೂರಿಗೆ ಕರೆದುಕೊಂಡು ಹೋಗಿ ಲೇಸರ್ ಹೊಡೆಸಿದ್ದರು. ಎರಡೂ ಕಣ್ಣು ಸುಟ್ಟುಹೋದವು. ಆಮೇಲೆ ನಮ್ಮ ಮನೆಯಲ್ಲಿ ಆ ಪದ ಯಾರೂ ಎತ್ತುವುದಿಲ್ಲ. ನನಗೂ ಸಕ್ಕರೆ ಕಾಯಿಲೆ ಇದೆ. ನೆನಪಾದ ದಿನ ಮಾತ್ರೆ ನುಂಗುತ್ತೇನೆ.

೧೪ ಆಗಸ್ಟ್, ಗುರುವಾರ

ಒಂಟಿಕೊಪ್ಪಲಿನ ಚನ್ನಬಸವಯ್ಯ ಅಯ್ಯನೋರ ಮನೆಗೆ ಹೋಗಿಬಂದೆ. ನಮ್ಮ ಮದುವೆ ಮಾಡಿಸಿದ್ದು ಅವರೇ. ಲಿಂಗಕ್ಕೆ ಲೇಪ ಹಾಕುವ ಕೆಲಸ ಬಲ್ಲವರು ಈಗ ನಮ್ಮ ಕಡೆ ಕಡಿಮೆ.

ಹೊರಡುವಾಗ ಚಪ್ಪಲಿಯ ಸದ್ದು ಕೇಳಿ ಮುದುಕಿ ಎಲ್ಲಿಗೆಂದು ವಿಚಾರಿಸಿದಳು. ಅಯ್ಯನೋರ ಮನೆಗೆ ಎಂದೆ. ತಾನೂ ಬರಲೇ ಎಂದು ಕೇಳಿದಳು. ಗೌರಿ ಹಬ್ಬದ ಸೀರೆಗಳು ರಾಶಿ ಬಿದ್ದಿವೆ, ನಿಮ್ಮನ್ನು ಕೈಹಿಡಿದು ರಸ್ತೆ ದಾಟಿಸಿಕೊಂಡು ಹೋಗುವಷ್ಟು ಪುರುಸೊತ್ತಿಲ್ಲ ಎಂದೆ. ಕೊರಳ ಕರಡಿಗೆಯನ್ನು ಸೆರಗಿನೊಳಕ್ಕೆ ತಳ್ಳಿಕೊಂಡಳು.

ಅಯ್ಯನೋರು ಬಿಸಿಲಿಗೆ ಹಿಡಿದು ನೋಡಿದರು, ಭೂತಗನ್ನಡಿ ತಂದು ನೋಡಿದರು. ಕೂದಲೆಳೆಯಷ್ಟೂ ಬಿರುಕಿಲ್ಲ ಎಂದರು. ನಾನು ಬಿಡಲಿಲ್ಲ. ಕಡೆಗೆ, ನಿನ್ನ ಸಮಾಧಾನಕ್ಕೆ ಆಗಲಿ ಎಂದು ಹಳೆಯ ಲೇಪ ಕೆರೆದು ಹೊಸದು ಹಾಕಲು ಕೂತರು. ಲಿಂಗ ಮೈಮೇಲಿಲ್ಲದಾಗ ನಾವು ನೀರೂ ಮುಟ್ಟುವುದಿಲ್ಲ. ಆದರೆ ಬೆಳಿಗ್ಗೆ ಎದ್ದವಳೇ ಭಕ್ತಿಯಿಂದ ಮಾತ್ರೆಯನ್ನೂ ನುಂಗಿ, ತಿಂಡಿ ತಿನ್ನದೆ ಬಂದಿದ್ದೆ. ಹೊತ್ತು ಏರಿದಂತೆ ಬೆವರು, ಕೈನಡುಕ, ಕಣ್ಣು ಕತ್ತಲೆ. ನಾನು ಗೋಡೆಗೆ ಒರಗಿದ್ದು ಕಂಡು ಅಯ್ಯನೋರು ಗಾಬರಿಯಾಗಿ, ಇನ್ನೂ ಹೊಳಪು ಕೊಡದ ಲಿಂಗವನ್ನು ನನ್ನ ಅಂಗೈಗೆ ಒತ್ತಿ, ಇನ್ನೊಂದು ಕೈಯಲ್ಲಿ ಬಾಯಿಗೆ ಬೆಲ್ಲ ತುರುಕಿದರು. ಶಾಸ್ತ್ರವೂ ಉಳಿಯಿತು, ಜೀವವೂ ಉಳಿಯಿತು. ಮುಂದಿನ ಸಲ ಬಾಳೆಹಣ್ಣು ಕಟ್ಟಿಕೊಂಡು ಬಾ ತಾಯಿ, ಮೊದಲು ಡಾಕ್ಟರಿಗೆ ತೋರಿಸು ಎಂದರು.

ಲಿಂಗ ಈಗ ಹೊಸ ನೇರಳೆ ಹಣ್ಣಿನ ಹಾಗಿದೆ. ಇನ್ನು ಭಯವಿಲ್ಲ.

೧೫ ಆಗಸ್ಟ್, ಶುಕ್ರವಾರ

ಹೊಸ ಲೇಪದ ಮೇಲೂ ಚುಕ್ಕೆ ಇದೆ. ಗೋಡೆಯ ಮೇಲೂ ಇದೆ, ಅನ್ನದ ಮೇಲೂ ಇದೆ. ಟಿವಿಯಲ್ಲಿ ಬಾವುಟ ಹಾರಿಸಿದಾಗ ಬಾವುಟದ ಬಿಳಿಯಲ್ಲೂ ಇತ್ತು. ಬಲಗಣ್ಣು ಮುಚ್ಚಿದರೆ ಇಲ್ಲ.

ಅದು ಇರುವುದು ಲಿಂಗದಲ್ಲಲ್ಲ.

೧೮ ಆಗಸ್ಟ್, ಸೋಮವಾರ

ನಿನ್ನೆ ಸಂಜೆಯಿಂದ ಚುಕ್ಕೆಗೆ ಬಾಲ ಬಂದಿದೆ. ಬಲಗಣ್ಣಿನಲ್ಲಿ ಜೇಡರ ಬಲೆಯ ಎಳೆಗಳು ಅತ್ತಿತ್ತ ತೇಲುತ್ತವೆ. ಬೇರೆ ದಾರಿಯಿಲ್ಲದೆ ಶಿಲ್ಪನಿಗೆ ಹೇಳಿದೆ. ಹುಡುಗಿ ಕಾಲೇಜು ಬಿಟ್ಟು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದಳು.

ಡಾಕ್ಟರ್ ಮಂಜುಶ್ರೀ ನೋಡಲು ಶಿಲ್ಪನ ಅಕ್ಕನ ಹಾಗಿದ್ದಾರೆ. ಕಣ್ಣಿಗೆ ಹನಿ ಬಿಟ್ಟು, ಪಾಪೆ ಅಗಲವಾದ ಮೇಲೆ ಹಣೆಗೆ ದೀಪ ಕಟ್ಟಿಕೊಂಡು ಬಹಳ ಹೊತ್ತು ನೋಡಿದರು. ಸಕ್ಕರೆ ಕಾಯಿಲೆ ಎರಡೂ ಕಣ್ಣಿಗೆ ಇಳಿದಿದೆಯಂತೆ. ಬಲಗಣ್ಣಿನೊಳಗೆ ರಕ್ತ ಸೋರಿದೆಯಂತೆ. ನಾನು ಇಷ್ಟು ದಿನ ಪೂಜೆಯಲ್ಲಿ ದೃಷ್ಟಿ ನೆಟ್ಟು ನೋಡಿದ್ದು ನನ್ನದೇ ರಕ್ತದ ಹನಿಯನ್ನು.

ನನಗೆ ಅರ್ಥವಾಗಲಿಲ್ಲ ಎಂದಾಗ ನೀರಿನ ಪೈಪಿನ ಲೆಕ್ಕದಲ್ಲಿ ಹೇಳಿದರು. ಕಣ್ಣಿನ ಹಿಂದಿನ ಪರದೆ ಒಂದು ಬಡಾವಣೆ ಇದ್ದ ಹಾಗೆ. ಸಕ್ಕರೆಯಿಂದ ಸಣ್ಣ ಪೈಪುಗಳು ಕಟ್ಟಿಕೊಂಡಿವೆ. ಅಂಚಿನ ಬೀದಿಗಳಿಗೆ ರಕ್ತ ಹೋಗುತ್ತಿಲ್ಲ. ಅಲ್ಲಿನವರು ನೀರು, ನೀರು ಎಂದು ಕೂಗುತ್ತಾರೆ. ಆ ಕೂಗಿಗೆ ಕಣ್ಣು ಎಲ್ಲೆಂದರಲ್ಲಿ ಹೊಸ ರಕ್ತನಾಳ ಎಬ್ಬಿಸುತ್ತದೆ. ಅವು ಹಸಿ ನಾಳಗಳು, ಗಟ್ಟಿಯಿಲ್ಲ, ಮುಟ್ಟಿದರೆ ಒಡೆಯುತ್ತವೆ. ಲೇಸರಿನಿಂದ ಆ ಅಂಚಿನ ಬೀದಿಗಳನ್ನೇ ಅಲ್ಲಲ್ಲಿ ಸುಟ್ಟುಬಿಡುತ್ತಾರಂತೆ. ಬೇಡುವವರು ಕಡಿಮೆಯಾದರೆ ಕೂಗು ನಿಲ್ಲುತ್ತದೆ. ಇದ್ದ ರಕ್ತ ನಡುವಿನ ಮನೆಗಳಿಗೆ ಸಾಕಾಗುತ್ತದೆ. ಹಸಿ ನಾಳಗಳು ಕೆಲಸವಿಲ್ಲದೆ ಒಣಗುತ್ತವೆ.

ಕೊನೆಯ ಬೀದಿಯವರ ಗತಿ ಏನು ಎಂದು ಕೇಳಿದೆ. ನಮ್ಮ ಮನೆ ಕುಂಬಾರಕೊಪ್ಪಲಿನಲ್ಲಿ ಪೈಪಿನ ಕೊನೆಗೇ ಇರುವುದು, ನನಗೆ ಆ ಸಂಕಟ ಗೊತ್ತು.

“ಅಂಚಿನ ನೋಟ ಸ್ವಲ್ಪ ಹೋಗುತ್ತೆ ಗಿರಿಜಾಂಬಾ ಅವರೇ. ಕತ್ತಲಲ್ಲಿ ಮೊದಲಿನ ಹಾಗೆ ಕಾಣಿಸಲ್ಲ. ನಡುವಿನ ನೋಟ ಉಳೀಬೇಕಾದ್ರೆ ಅಷ್ಟು ಬಿಟ್ಟುಕೊಡಬೇಕು. ಬಿಟ್ಟುಕೊಡದೆ ಕೂತರೆ ಎಲ್ಲಾ ಹೋಗುತ್ತೆ” ಎಂದರು.

ಲೇಸರ್ ಎಂಬ ಪದ ಕೇಳಿದ ಮೇಲೆ ಉಳಿದದ್ದು ಕಿವಿಗೆ ಬೀಳಲಿಲ್ಲ. ಮನೆಗೆ ಬಂದಾಗ ಮುದುಕಿ ಚಾಪೆಯ ಮೇಲೆ ಕುಳಿತು ಸಾರಿನ ಬಟ್ಟಲಿಗಾಗಿ ನೆಲ ತಡವುತ್ತಿದ್ದಳು. ಕಣ್ಣು ಬೇರೆ ಕಡೆ, ಕೈ ಬೇರೆ ಕಡೆ. ನೋಡಲಾಗದೆ ಅಡಿಗೆಮನೆಗೆ ಹೋದೆ. ಆ ಚಾಪೆಯ ಪಕ್ಕದಲ್ಲಿ ಇನ್ನೊಂದು ಚಾಪೆಗೆ ಜಾಗವಿದೆ.

೧೯ ಆಗಸ್ಟ್, ಮಂಗಳವಾರ

ಇವರು ಮೇಟಗಳ್ಳಿಯಿಂದ ಡ್ಯೂಟಿ ಮುಗಿಸಿ ಬಂದು ಕಾಫಿ ಕುಡಿದ ಮೇಲೆ ಹೇಳಿದೆ. ಇವರ ಹೆಸರೇ ಸಿದ್ದಲಿಂಗಸ್ವಾಮಿ, ಫ್ಯಾಕ್ಟರಿಯ ಸ್ಟೋರಿನಲ್ಲೂ ಸ್ವಾಮಿಗಳು ಎಂದೇ ಕರೆಯುತ್ತಾರೆ, ಅಷ್ಟು ಶಾಂತ ಮನುಷ್ಯ. ಲೋಟವನ್ನು ಕುಕ್ಕಿ ಕೆಳಗಿಟ್ಟರು.

“ನಮ್ಮವ್ವನ ಕಣ್ಣು ಸುಟ್ಟಿದ್ದು ಸಾಲ್ದಾ ಅವರಿಗೆ? ನಾನೇ ಕೈಹಿಡಿದು ಕರ್ಕೊಂಡೋಗಿದ್ದೆ ಕಣೇ. ನನ್ನ ಕೈಯಾರೆ ಇನ್ನೊಬ್ಬರನ್ನ ಕಳಿಸಲ್ಲ” ಎಂದರು.

ಆಮೇಲೆ ಧ್ವನಿ ಇಳಿಸಿ, ಪಥ್ಯ ಮಾಡು, ನಾಟಿ ಔಷಧಿ ವಿಚಾರಿಸೋಣ, ಕಣ್ಣಿಗೆ ಬೆಂಕಿ ಮಾತ್ರ ಬೇಡ ಎಂದರು. ನನಗೂ ಅದೇ ಬೇಕಿತ್ತು. ಬೇಡ ಎನ್ನುವವರು ಒಬ್ಬರು ಸಿಕ್ಕಿದ್ದಕ್ಕೆ ಸಮಾಧಾನವಾಯಿತು. ಮೂಲೆಯಲ್ಲಿ ಮುದುಕಿ ನನ್ನ ರೇಷ್ಮೆ ಎಳೆಗಳ ಉಂಡೆಯನ್ನು ಹಿಡಿದು ಕೂತಿದ್ದಳು. ಮುಟ್ಟಬೇಡಿ ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ, ಸಿಕ್ಕು ಮಾಡಿಡುತ್ತಾಳೆ. ಕಿತ್ತುಕೊಂಡೆ. ಎಂದಿನಂತೆ ಗೊಣಗಲೂ ಇಲ್ಲ.

೨೫ ಆಗಸ್ಟ್, ಸೋಮವಾರ

ಇವತ್ತು ಬೆಳಿಗ್ಗೆ ಒಂದು ಸೀರೆ ಹಾಳುಮಾಡಿದೆ. ಸೆರಗಿನ ಎಳೆ ಬಿಡಿಸಿ ಕುಚ್ಚು ಕಟ್ಟುವುದು ನನಗೆ ನಿದ್ದೆಯಲ್ಲೂ ಬರುವ ಕೆಲಸ. ಎಳೆಯ ತುದಿ ಕತ್ತರಿಸುತ್ತಿದ್ದಾಗ ಬಲಗಣ್ಣಿನೊಳಗೆ ಮಸಿ ಚೆಲ್ಲಿದ ಹಾಗಾಯಿತು. ಮೇಲಿನಿಂದ ಕೆಳಕ್ಕೆ, ಮೆಲ್ಲಗೆ, ಕೆಂಪು ಕೆಂಪಾಗಿ ಇಳಿಯಿತು. ಕತ್ತರಿ ಜರಿಗೇ ಹೋಗಿತ್ತು. ಎಡಗಣ್ಣಿನಲ್ಲಿ ನೋಡಿದಾಗ ಗೊತ್ತಾಯಿತು. ಬಲಗಣ್ಣಿಗೆ ಸೀರೆಯೂ ಕಾಣಲಿಲ್ಲ, ಕತ್ತರಿಯೂ ಕಾಣಲಿಲ್ಲ.

ಲಿಂಗ ಹಿಡಿದುಕೊಂಡು ಕೂತೆ. ನಾಳೆ ಎಡಗಣ್ಣೂ ಹೀಗಾದರೆ? ಸುಟ್ಟರೂ ಹೋಗುತ್ತದೆ, ಬಿಟ್ಟರೂ ಹೋಗುತ್ತದೆ. ಅತ್ತ ದರಿ ಇತ್ತ ಪುಲಿ ಎನ್ನುವುದು ಇದಕ್ಕೇ. ಇವರಿಗೆ ಹೇಳದೆ ನಾಳೆ ಶಿಲ್ಪನ ಜೊತೆ ಹೋಗುತ್ತೇನೆ. ಮನಸ್ಸು ಬದಲಾಗುವ ಮೊದಲು ಹೋಗಬೇಕು.

೨೬ ಆಗಸ್ಟ್, ಮಂಗಳವಾರ

ಆಯಿತು. ಬಲಗಣ್ಣಿನೊಳಗೆ ರಕ್ತ ಅಡ್ಡ ಇರುವುದರಿಂದ ಕಂಡಷ್ಟು ಕಡೆ ಮಾತ್ರ ಹೊಡೆದರಂತೆ. ಎಡಗಣ್ಣಿಗೂ ಹೊಡೆದರು. ಗದ್ದ ಒಂದು ಪಟ್ಟಿಯ ಮೇಲೆ, ಹಣೆ ಇನ್ನೊಂದು ಪಟ್ಟಿಗೆ, ಕಣ್ಣಿಗೆ ಒಂದು ದಪ್ಪ ಗಾಜು. ಅಲುಗಬೇಡಿ ಎಂದರು. ಹಸಿರು ಮಿಂಚು. ಮತ್ತೆ ಮತ್ತೆ. ಪ್ರತಿ ಮಿಂಚಿಗೂ ತಲೆಯ ಹಿಂದುಗಡೆ ಯಾರೋ ಸೂಜಿಯಲ್ಲಿ ಚುಚ್ಚಿದಂತೆ. ಒಂದೊಂದು ಮಿಂಚಿಗೂ ಒಂದೊಂದು ಮನೆ ಸುಟ್ಟಿತು ಎಂದುಕೊಂಡು ಕೂತಿದ್ದೆ. ಆಮೇಲೆ ಲೆಕ್ಕ ತಪ್ಪಿತು, ಭಯವೊಂದೇ ಉಳಿಯಿತು.

ಹೊರಗೆ ಬಂದಾಗ ಏನೂ ಕಾಣುತ್ತಿರಲಿಲ್ಲ. ಶಿಲ್ಪನ ತೋಳು ಹಿಡಿದು ನಡೆದೆ. ಮಿಕ್ಕದ್ದನ್ನು ಇನ್ನೂ ಮೂರು ಸಲಕ್ಕೆ ಮುಗಿಸುತ್ತಾರಂತೆ.

೩೦ ಆಗಸ್ಟ್, ಶನಿವಾರ. ಗೌರಿ ಹಬ್ಬ

ಸಂಜೆ ಬಾಗಿನ ಕೊಡಲು ಬಂದವರ ಮುಖಗಳು ಗೊತ್ತಾಗಲಿಲ್ಲ. ದೀಪ ಹಚ್ಚಿದ ಮೇಲೂ ಮನೆ ಮಬ್ಬು. ಬಾಗಿಲುವಾಡಕ್ಕೆ ಹಣೆ ಬಡಿಸಿಕೊಂಡೆ, ಪಕ್ಕದ ಮನೆಯ ಚಾಮುಂಡಮ್ಮನ ತಟ್ಟೆಗೆ ಕೈ ತಗುಲಿಸಿ ಅಕ್ಕಿ ಚೆಲ್ಲಿದೆ. ಇವರು ನೋಡುತ್ತಿದ್ದರು. ಎಲ್ಲರೂ ಹೋದ ಮೇಲೆ ಶಿಲ್ಪನನ್ನು ಕರೆದು ಕೇಳಿದರು, ಅವಳು ಹೇಳಿಬಿಟ್ಟಳು.

ಬೈಯುತ್ತಾರೆ ಎಂದುಕೊಂಡಿದ್ದೆ. ಬೈಯಲಿಲ್ಲ, ನನ್ನ ಹಣೆಯ ಬೋರೆಗೆ ಎಣ್ಣೆ ಹಚ್ಚಿದರು. “ಆದದ್ದಾಯ್ತು, ಇನ್ನು ಹೋಗ್ಬೇಡ” ಎಂದರು. ಹೇಳುವಾಗ ಇವರ ಮುಖ ಮೂಲೆಯ ಚಾಪೆಯ ಕಡೆಗಿತ್ತು. ಅದನ್ನು ಕಂಡ ಮೇಲೆ ನನ್ನ ಭಯ ಎರಡರಷ್ಟಾಯಿತು. ಹೋಗುವುದಿಲ್ಲ ಎಂದು ಮಾತು ಕೊಟ್ಟೆ.

೨ ಸೆಪ್ಟೆಂಬರ್, ಮಂಗಳವಾರ

ಪೂಜೆಯಲ್ಲಿ ದೀಪದ ಹೊಳಪು ಕಾಣಲಿಲ್ಲ. ಅಂಗೈಯಲ್ಲಿ ಕರಿಯದೊಂದು ಭಾರ ಮಾತ್ರ. ಸುಟ್ಟುಹೋಯಿತು ಎಂದುಕೊಂಡು ಅಳುತ್ತ ಕೂತೆ. ಸದ್ದು ಬರದ ಹಾಗೆ ಅತ್ತರೂ ಮೂಲೆಯಿಂದ ಮುದುಕಿ, ಅಳಬೇಡ, ಬೆಳಕಿರುವಾಗ ನೋಡು ಎಂದಳು. ನಿಮಗೇನು ಗೊತ್ತು ಎಂದುಬಿಟ್ಟೆ.

ಹತ್ತು ಗಂಟೆಯ ಬಿಸಿಲಿನಲ್ಲಿ ಹಿತ್ತಲ ಬಾಗಿಲಿಗೆ ಹೋಗಿ ನೋಡಿದೆ. ಸ್ವಲ್ಪ ಕಂಡಿತು.

೧೩ ಸೆಪ್ಟೆಂಬರ್, ಶನಿವಾರ

ಲೇಸರ್ ಬೇಡ, ಬರೀ ತಪಾಸಣೆ ಎಂದು ಶಿಲ್ಪ ಗೋಗರೆದದ್ದಕ್ಕೆ ಆಸ್ಪತ್ರೆಗೆ ಹೋದೆ. ಡಾಕ್ಟರ್ ನೋಡಿ ಖುಷಿಯಾದರು. ದೊಡ್ಡ ರಕ್ತನಾಳಗಳು ಊದಿಕೊಂಡಿದ್ದವು, ಈಗ ಕೊಂಚ ಸಣ್ಣಗಾಗಿವೆ, ಕಣ್ಣಿನ ಪರದೆಗೆ ಹರಿಯುವ ರಕ್ತ ಕಡಿಮೆಯಾಗಿದೆ ಎಂದರು.

ರಕ್ತ ಕಡಿಮೆಯಾಗಿದೆ ಎಂದು ನಗುತ್ತಾರೆ! ರಕ್ತವಿಲ್ಲದ ಅಂಗ ಬದುಕಿದ್ದನ್ನು ನಾನು ಎಲ್ಲೂ ಕಂಡಿಲ್ಲ. ನಾನು ಕೇಳಿದ್ದಕ್ಕೆ ಅವರು ಮತ್ತೆ ತಾಳ್ಮೆಯಿಂದ ವಿವರಿಸಿದರು. ಕೂಗು ಹೆಚ್ಚಾಗಿದ್ದಾಗ ದೊಡ್ಡ ಪೈಪು ಬಿರಿಯುವ ಹಾಗೆ ಹರಿಯುತ್ತಿತ್ತಂತೆ, ಅಷ್ಟು ಹರಿದರೂ ಬೇಕಾದ ಕಡೆ ತಲುಪುತ್ತಿರಲಿಲ್ಲವಂತೆ. ಈಗ ಬೇಡುವವರು ಕಡಿಮೆ, ಅದಕ್ಕೇ ಹರಿವೂ ಕಡಿಮೆ. ಸುಟ್ಟ ಜಾಗಗಳ ಮೂಲಕ ಹಿಂದಿನ ಪದರದಿಂದ ಉಸಿರಿಗೆ ಬೇಕಾದ ಆಮ್ಲಜನಕವೂ ಒಳಗೆ ಇಳಿಯುತ್ತದೆಯಂತೆ. ಒಳ್ಳೆಯ ಗುರುತು, ಆದರೆ ಇಲ್ಲಿಗೇ ನಿಲ್ಲಿಸಿದರೆ ಹಸಿ ನಾಳಗಳು ಸಾಯುವುದಿಲ್ಲ, ಇಪ್ಪತ್ತಕ್ಕೆ ಬಂದುಬಿಡಿ ಎಂದರು.

ತಲೆಯಾಡಿಸಿ ಬಂದೆ. ಹೋಗುವುದಿಲ್ಲ. ಅವರು ಹೇಳುವುದೆಲ್ಲ ನಿಜವೇ ಇರಬಹುದು, ಆದರೆ ಅವರು ನೋಡುವುದು ನನ್ನ ಕಣ್ಣಿನ ಒಳಗೆ. ಹೊರಗೆ ಇರುವ ಕತ್ತಲನ್ನು ನೋಡುತ್ತಿರುವವಳು ನಾನು.

೨೦ ಸೆಪ್ಟೆಂಬರ್, ಶನಿವಾರ

ಹೋಗಲಿಲ್ಲ. ಆದರೆ ಇವತ್ತು ನಡೆದದ್ದನ್ನು ಇದ್ದ ಹಾಗೇ ಬರೆಯಬೇಕು.

ಇವರು ಡ್ಯೂಟಿಗೆ, ಶಿಲ್ಪ ನನ್ನ ಮೇಲೆ ಸಿಟ್ಟು ಮಾಡಿಕೊಂಡು ಕಾಲೇಜಿಗೆ. ನಾನು ಕಿಟಕಿಯ ಬೆಳಕಿಗೆ ಕುಳಿತು ಎಳೆ ಬಿಡಿಸುತ್ತಿದ್ದೆ, ಸಿಕ್ಕಿನ ಮೇಲೆ ಸಿಕ್ಕು. ಮುದುಕಿ ತಡವರಿಸುತ್ತ ಬಂದು ನನ್ನ ಮುಂದೆ ಕುಳಿತಳು. ಕೈಚಾಚಿ ಉಂಡೆ ತೆಗೆದುಕೊಂಡಳು. ಈ ಸಲ ನಾನು ಕಿತ್ತುಕೊಳ್ಳಲಿಲ್ಲ, ಜಗಳವಾಡಲು ಶಕ್ತಿಯಿರಲಿಲ್ಲ. ಬೆರಳ ತುದಿಯಲ್ಲಿ ಒಂದೊಂದೇ ಎಳೆ ಬಿಡಿಸುತ್ತ, ಇವತ್ತು ಆಸ್ಪತ್ರೆಗೆ ಹೋಗಬೇಕಿತ್ತಲ್ಲ ಎಂದಳು.

ನಿಮ್ಮ ಹಾಗೆ ಆಗುವುದು ನನಗೆ ಬೇಡ ಎಂದೆ. ಬಾಯಿಂದ ಬಂದುಬಿಟ್ಟಿತು.

ಅವಳು ಬೇಸರ ಮಾಡಿಕೊಳ್ಳಲಿಲ್ಲ. ಬೆರಳು ನಿಲ್ಲಿಸದೆ ಹೇಳಿದಳು.

“ನನ್ನ ಕಣ್ಣ ಲೇಸರ್ ಸುಡಲಿಲ್ಲ ಕಣವ್ವ. ನಾಕು ಸಲ ಬಾ ಅಂದಿದ್ರು ಆ ಡಾಕ್ಟ್ರು. ಒಂದೇ ಸಲಕ್ಕೆ ಅಂಗೈ ಮ್ಯಾಲಿನ ಲಿಂಗಯ್ಯ ಮಬ್ಬಾಗ್ಬುಟ್ಟ. ಎದ್ರಿಕೆ ಆಗೋಯ್ತು. ನಿನ್ ಗಂಡ ನನ್ನ ಬೆಂಗ್ಳೂರಲ್ಲಿ ನಾದ್ನಿ ಮನೇಲಿ ಬುಟ್ಟು ಡ್ಯೂಟಿಗೆ ಬಂದಿದ್ದ. ಎಲ್ಲಾ ಮುಗೀತಂತೆ, ಇನ್ ಬರದ್ ಬ್ಯಾಡ್ವಂತೆ ಅಂತ ಸುಳ್ಳೇಳಿ ಬಂದ್ಬುಟ್ಟೆ.”

ಬಂದ ಎರಡು ತಿಂಗಳಿಗೆ ಒಂದು ಕಣ್ಣಿನೊಳಗೆ ಮಸಿ ಇಳಿಯಿತಂತೆ, ನನಗಾದ ಹಾಗೆಯೇ. ಆಮೇಲೆ ಇನ್ನೊಂದಕ್ಕೆ. ಲೇಸರಿನಿಂದ ಹೋಯಿತು ಎಂದು ಮಗ ಕೂಗಾಡಿದಾಗ ಹೌದು ಎಂದುಬಿಟ್ಟಳಂತೆ. ಮಗ ಬೆಂಗಳೂರಿಗೆ ಹೋಗಿ ಆ ಡಾಕ್ಟರಿಗೆ ಬೈದು ಬಂದನಂತೆ. ಅಷ್ಟಾದ ಮೇಲೆ ನಿಜ ಹೇಳಲು ಬಾಯಿ ಬರಲಿಲ್ಲವಂತೆ. ಹನ್ನೊಂದು ವರ್ಷ.

ಈಗೇಕೆ ಹೇಳಿದಿರಿ ಎಂದು ಕೇಳಿದೆ.

“ನೀನೂ ಅದೇ ಮಬ್ಗೆ ಎದ್ರಕಂಡು ಕೂತಿದ್ದೀಯಲ್ಲ, ಅದ್ಕೆ. ಆ ಮಬ್ಬು ಆಮೇಲೆ ಬಂದ ಕತ್ಲೆ ಮುಂದೆ ಏನೂ ಅಲ್ಲ ಕಣವ್ವ. ನಾನು ಎರಡೂ ಕಂಡಿವ್ನಿ” ಎಂದರು.

ಉಂಡೆ ನನ್ನ ಮಡಿಲಿಗೆ ಬಂತು. ಒಂದು ಸಿಕ್ಕೂ ಇರಲಿಲ್ಲ.

೨೧ ಸೆಪ್ಟೆಂಬರ್, ಭಾನುವಾರ

ಅತ್ತೆ ತಾವೇ ಮಗನಿಗೆ ನಿಜ ಹೇಳಿದರು. ನಾನು ಹೇಳುತ್ತೇನೆ ಎಂದರೂ ಬಿಡಲಿಲ್ಲ. ಬೆಳಿಗ್ಗೆ ಪೂಜೆ ಮುಗಿಸಿ, ಮಗನನ್ನು ಹತ್ತಿರ ಕೂರಿಸಿಕೊಂಡು ಹೇಳಿದರು. ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಇವರು ತಾಯಿಯ ಮೇಲೆ ಕೂಗಿದರೆ ಏನು ಮಾಡುವುದೆಂದು ಜೀವ ಕೈಯಲ್ಲಿ ಹಿಡಿದಿದ್ದೆ.

ಇವರು ಎದ್ದು ಹೊರಗೆ ಜಗಲಿಯ ಮೇಲೆ ಕುಳಿತರು. ದೋಸೆ ಆರಿಹೋಯಿತು. ಬಹಳ ಹೊತ್ತಾದ ಮೇಲೆ ಒಳಗೆ ಬಂದು, ಅವ್ವ ತಿಂಡಿ ತಿಂದಳಾ ಎಂದು ನನ್ನನ್ನು ಕೇಳಿದರು. ಇಲ್ಲ ಎಂದೆ. ತಟ್ಟೆ ತೆಗೆದುಕೊಂಡು ಹೋಗಿ ಪಕ್ಕದಲ್ಲಿ ಕುಳಿತು ತಿನ್ನಿಸಿದರು. ಕೈತೊಳೆದು ಬಂದು, ಡಾಕ್ಟರ್ ಮತ್ತೆ ಯಾವಾಗ ಸಿಗುತ್ತಾರೆ ಎಂದು ಶಿಲ್ಪನನ್ನು ವಿಚಾರಿಸಿದರು.

೨೪ ಸೆಪ್ಟೆಂಬರ್, ಬುಧವಾರ

ಎರಡನೆಯ ಸಲ ಆಯಿತು. ಇವರು ರಜೆ ಹಾಕಿ ಬಂದಿದ್ದರು. ಅತ್ತೆಯೂ ಬಂದರು. ಅವರನ್ನು ಕೈಹಿಡಿದು ಆಟೋ ಹತ್ತಿಸಿದೆ, ಇಳಿಸಿದೆ. ವಾಪಸು ಬರುವಾಗ ಅವರೇ ನನ್ನ ಕೈಹಿಡಿದಿದ್ದರು. ಕಣ್ಣು ಕಾಣದ ಇಬ್ಬರು ಒಬ್ಬರನ್ನೊಬ್ಬರು ನಡೆಸಿಕೊಂಡು ಹೋಗುವುದನ್ನು ಕಂಡು ಆಸ್ಪತ್ರೆಯ ಆಯಾ ನಕ್ಕಳು, ನಮಗೂ ನಗು ಬಂತು.

ಭಯ ಹೋಗಿಲ್ಲ. ಮಿಂಚು ಹೊಡೆಯುವಾಗ ಪಂಚಾಕ್ಷರಿ ಹೇಳಿಕೊಳ್ಳುತ್ತಿದ್ದೆ, ನಡುವೆ ಮರೆತೆ. ಐದೇ ಅಕ್ಷರ, ಅದನ್ನೂ ಮರೆಸುವ ಭಯ.

೩ ಅಕ್ಟೋಬರ್, ಶುಕ್ರವಾರ

ಮೂರನೆಯ ಸಲ. ಬರುವಾಗ ಸಂಜೆಯಾಗಿತ್ತು. ದಸರಾ ಜನ, ಆಟೋ ಅರಮನೆಯ ಮುಂದೆ ನಿಂತುಬಿಟ್ಟಿತು. ದೀಪ ಹತ್ತಿದವು ಎಂದು ಜನ ಓ ಎಂದರು. ನನಗೆ ನೆಟ್ಟಗೆ ಎದುರಿನ ಗೋಪುರ ಕಂಡಿತು, ಅಕ್ಕಪಕ್ಕದ್ದು ತಲೆ ತಿರುಗಿಸಿದರೆ ಮಾತ್ರ. ಮೊದಲು ಒಂದೇ ನೋಟಕ್ಕೆ ಎಲ್ಲ ಬರುತ್ತಿತ್ತು. ಅಂಚಿನ ಬೀದಿಗಳು ಹೋದವು.

ಹೇಗಿದೆ ಎಂದು ಅತ್ತೆ ಕೇಳಿದರು. ತಲೆ ತಿರುಗಿಸಿ ತಿರುಗಿಸಿ, ಕಂಡದ್ದನ್ನೆಲ್ಲ ಹೇಳಿದೆ.

೧೦ ನವೆಂಬರ್, ಸೋಮವಾರ

ನಾಲ್ಕನೆಯದೂ ಮುಗಿದು ಮೂರು ವಾರವಾಯಿತು. ನಾಳೆ ತಪಾಸಣೆ. ಇವತ್ತು ಅನ್ನ ಇಳಿಯುತ್ತಿಲ್ಲ. ಇಷ್ಟೆಲ್ಲ ಸುಟ್ಟ ಮೇಲೂ ಹಸಿ ನಾಳಗಳು ಸತ್ತಿಲ್ಲ ಎಂದರೆ? ಬಲಗಣ್ಣಿನ ರಕ್ತ ಕರಗದಿದ್ದರೆ? ಮಾತ್ರೆ ನುಂಗಿದೆಯಾ ಎಂದು ಅತ್ತೆ ಬೆಳಿಗ್ಗೆಯಿಂದ ಎರಡು ಸಲ ಕೇಳಿದರು. ನುಂಗಿದ್ದೇನೆ. ಈಗ ಅವರಿಗೆ ಹೆದರಿಯಾದರೂ ನುಂಗುತ್ತೇನೆ.

೧೧ ನವೆಂಬರ್, ಮಂಗಳವಾರ

ಒಣಗುತ್ತಿವೆ! ಎಡಗಣ್ಣಿನಲ್ಲಿ ಪೂರ್ತಿ ಒಣಗಿವೆ, ಬಲಗಣ್ಣಿನಲ್ಲಿ ಬಹುಪಾಲು. ದೊಡ್ಡ ನಾಳಗಳ ಹರಿವು ಇನ್ನಷ್ಟು ಇಳಿದಿದೆ ಎಂದರು. ರಕ್ತ ಕಡಿಮೆಯಾಗಿದೆ ಎಂಬ ಮಾತು ಕೇಳಿ ನಾನು ನಕ್ಕದ್ದನ್ನು ಕಂಡು ಡಾಕ್ಟರಿಗೆ ಆಶ್ಚರ್ಯ.

ಪೂರ್ತಿ ಗೆದ್ದೆವು ಎಂದುಕೊಳ್ಳಬೇಡಿ, ಸಕ್ಕರೆ ಏರಿದರೆ ಮತ್ತೆ ಕೂಗು ಶುರುವಾಗುತ್ತದೆ ಎಂದೂ ಹೇಳಿದರು. ಸಂತೆಗೆ ಹೋದವರಿಗೆ ಸುಂಕ ತಪ್ಪಿದ್ದಲ್ಲ. ಇನ್ನು ಈ ಭಯ ನನ್ನ ಜೊತೆಗೇ ಇರುತ್ತದೆ. ಕತ್ತಲಾದರೆ ಗೋಡೆ ಹಿಡಿದೇ ನಡೆಯುತ್ತೇನೆ, ಅದು ಹೀಗೇ ಅಂತೆ.

೨೧ ಜನವರಿ ೨೦೦೪, ಬುಧವಾರ

ಈ ಡೈರಿ ಸಂಕ್ರಾಂತಿಗೆ ಸುಣ್ಣ ಹೊಡೆಸುವಾಗ ಅಟ್ಟ ಸೇರಿತ್ತು. ಇವತ್ತು ಹುಡುಕಿ ತೆಗೆದೆ.

ಇತ್ತೀಚೆಗೆ ನಾನು ಅವ್ವನ ಚಾಪೆಯ ಪಕ್ಕದಲ್ಲೇ ಪೂಜೆಗೆ ಕೂರುತ್ತೇನೆ. ಅಲ್ಲಿ ಪೂರ್ವದ ಕಿಟಕಿಯ ಬೆಳಕು ಚೆನ್ನಾಗಿ ಬೀಳುತ್ತದೆ. ಇವತ್ತು ಲಿಂಗವನ್ನು ಅಂಗೈಯಲ್ಲಿಟ್ಟು ದೃಷ್ಟಿ ನೆಟ್ಟಾಗ ಹೊಳಪು ಒಂದೇ ಕಂಡಿತು. ಚುಕ್ಕೆ ಇಲ್ಲ. ಎಡಗಣ್ಣು ಮುಚ್ಚಿ ನೋಡಿದೆ, ಬಲಗಣ್ಣಿನಲ್ಲೂ ಇಲ್ಲ. ಎಷ್ಟು ತಿಂಗಳಾದ ಮೇಲೆ! ಕಣ್ಣಲ್ಲಿ ನೀರು ಬಂತು, ಒರೆಸಿಕೊಳ್ಳಲು ತಲೆ ತಿರುಗಿಸಿದೆ.

ಆಗ ಅವ್ವನ ಅಂಗೈ ಕಂಡಿತು. ಅವರು ಮುಖವನ್ನು ಲಿಂಗದ ಕಡೆಗೆ ಬಾಗಿಸಿ, ರೆಪ್ಪೆ ಬಡಿಯದೆ ಕೂತಿದ್ದರು, ಎಂದಿನ ಹಾಗೆ. ಅವರ ಲಿಂಗದ ಲೇಪ ನಡುವೆ ಸೀಳಿಹೋಗಿತ್ತು. ಒಂದು ಬದಿಯದು ಪೂರ್ತಿ ಉದುರಿ ಒಳಗಿನ ಕಲ್ಲು ಬೆಳ್ಳಗೆ ಕಾಣುತ್ತಿತ್ತು. ಇವತ್ತು ನಿನ್ನೆಯದಲ್ಲ, ಸೀಳಿನ ತುಂಬ ಹಳೆಯ ವಿಭೂತಿ ಮೆತ್ತಿಕೊಂಡಿತ್ತು.

ನನ್ನದು ಇನ್ನೂ ಹೊಸ ನೇರಳೆ ಹಣ್ಣಿನ ಹಾಗೆ ಮಿರುಗುತ್ತಿತ್ತು. ಮುಚ್ಚಿಟ್ಟುಕೊಂಡೆ.

ಪೂಜೆ ಮುಗಿಯುವವರೆಗೂ ಕಾದು, ಅವ್ವ, ಲಿಂಗ ಬಿರಿದಿದೆ, ನಿಮಗೆ ಗೊತ್ತಾ ಎಂದು ಕೇಳಿದೆ.

“ಬೆರಳ್ಗೆ ಸಿಗ್ತದಲ್ಲವ್ವ. ಎರಡು ವರ್ಸ ಆಯ್ತೇನೋ. ಶ್ರಾವಣದಲ್ಲಿ ನೀನು ಅಯ್ಯನೋರ ಮನೆಗೆ ಹೊಂಟಾಗ ಜೊತೇಲಿ ಬರಾನ ಅಂದ್ಕಂಡಿದ್ದೆ. ಆಮೇಲೆ ನಿಂಗೇ ಕಣ್ಣಿನ್ ತಾಪತ್ರಯ ಬಂತು. ಮೊದ್ಲು ಮಗೀನ ಕಣ್ಣು ನೆಟ್ಟಗಾಗ್ಲಿ, ಆಮೇಲೆ ಅವ್ಳಿಗೇ ಕಾಣ್ತದೆ ಅಂತ ಸುಮ್ನಾದೆ” ಎಂದರು.

ಶಿವದಾರ ಸರಿಪಡಿಸಿಕೊಂಡು, ಕರಡಿಗೆಯನ್ನು ಸೆರಗಿನೊಳಕ್ಕೆ ಹಾಕಿಕೊಂಡು, ಕಾಫಿ ಕೊಡವ್ವ ಎಂದರು. ಕೊಟ್ಟೆ.

ನಾಳೆ ಬೆಳಿಗ್ಗೆ ಇಬ್ಬರೂ ಒಂಟಿಕೊಪ್ಪಲಿಗೆ ಹೊರಡುತ್ತೇವೆ. ಕತ್ತಲಾಗುವುದರೊಳಗೆ ಮನೆ ಸೇರಬೇಕು, ದಾರಿ ನೋಡಬೇಕಾದವಳು ನಾನು. ಕೆಲಸ ಮುಗಿದು ಲಿಂಗ ಅವರ ಕೈಗೆ ಬಂದ ತಕ್ಷಣ ತಿನ್ನಿಸಲು ಎರಡು ಬಾಳೆಹಣ್ಣು ಚೀಲದಲ್ಲಿ ಇಟ್ಟಿದ್ದೇನೆ.